ಬಾಯಿ ಮುಚ್ಚಿಕೊಂಡು ಆಡುವ ಇಸ್ಪೀಟು: ವಿಸ್ಟ್ ಆಡುವುದು ಹೀಗೆ

ಗಂಗಾವತಿ ಕಡೆ ಕಾಲುವೆ ನೀರು ನಿಂತು, ಗದ್ದೆ ಕೆಲಸ ಮುಗಿದು, ಬಿಸಿಲು 40 ಡಿಗ್ರಿ ದಾಟಿತು ಅಂದರೆ ಮಧ್ಯಾಹ್ನ ಹೊರಗೆ ಕಾಲಿಡುವ ಮಾತೇ ಇಲ್ಲ. ಇಸ್ಪೀಟಿನ ಕಟ್ಟು ಹೊರಗೆ ಬರುತ್ತದೆ. ಆಡುವುದು ಮಾತ್ರ ಅದೇ ರಮ್ಮಿ, ಇಲ್ಲಾ ಅಂದರ್ ಬಾಹರ್. ನಾಲ್ಕು ಜನ ಇದ್ದರೆ ಒಮ್ಮೆ ವಿಸ್ಟ್ ಆಡಿ ನೋಡಿ. ಕೋಟ್ ಪೀಸ್ ಬರುವವರಿಗೆ ಇದು ಅರ್ಧ ಬಂದ ಹಾಗೆಯೇ.

ಇದು ಇಂಗ್ಲೆಂಡಿನ ಆಟ. 17ನೇ ಶತಮಾನದಲ್ಲಿ ಇದನ್ನು ವಿಸ್ಕ್ ಅನ್ನುತ್ತಿದ್ದರು, ಆಮೇಲೆ ವಿಸ್ಟ್ ಆಯಿತು. ಹಿಂದಿನ ಇಂಗ್ಲಿಷಿನಲ್ಲಿ ವಿಸ್ಟ್ ಅಂದರೆ ‘ಶ್, ಸುಮ್ಮನಿರು’ ಅಂತಲೂ ಅರ್ಥ ಇತ್ತು. 1742ರಲ್ಲಿ ಎಡ್ಮಂಡ್ ಹೋಯ್ಲ್ ಎಂಬಾತ ಇದರ ಮೇಲೆ ಚಿಕ್ಕ ಪುಸ್ತಕ ಬರೆದ, ಅಲ್ಲಿಂದ ಇದು ದೊಡ್ಡ ಮನೆಗಳ ಆಟವೂ ಆಯಿತು.

ಎದುರು ಬದುರು ಕೂತವರು ಜೋಡಿ. 52 ಎಲೆ ಚೆನ್ನಾಗಿ ಕಲೆಸಿ, ಹಂಚುವವರ ಎಡಗಡೆಯಿಂದ ಶುರು ಮಾಡಿ ಒಂದೊಂದಾಗಿ ಹಂಚಿ, ಒಬ್ಬೊಬ್ಬರಿಗೆ 13. ಕೊನೆಯ ಎಲೆ ಹಂಚಿದವರಿಗೇ ಬರುತ್ತದಲ್ವಾ, ಅದನ್ನು ಎಲ್ಲರಿಗೂ ಕಾಣುವ ಹಾಗೆ ತೆರೆದಿಡಬೇಕು. ಅದು ಕಳಾವರ್ ಆದರೆ ಈ ಸಲ ಕಳಾವರೇ ತುರುಫು, ಅಂದರೆ ಉಳಿದ ಮೂರು ಜಾತಿಯ ಎಲೆಗಳನ್ನೂ ಹೊಡೆಯುವ ಜಾತಿ. ಹಂಚಿದವರು ತಮ್ಮ ಮೊದಲ ಸರದಿ ಬಂದಾಗ ಅದನ್ನು ಕೈಗೆ ತೆಗೆದುಕೊಳ್ಳುತ್ತಾರೆ.

ಹಂಚಿದವರ ಎಡಗಡೆಯವರು ಮೊದಲ ಎಲೆ ಇಳಿಸಲಿ. ಇಳಿದ ಜಾತಿ ನಿಮ್ಮಲ್ಲಿದ್ದರೆ ಅದನ್ನೇ ಹಾಕಬೇಕು. ಇಲ್ಲದಿದ್ದರೆ ತುರುಫು ಹೊಡೆಯಿರಿ, ಇಲ್ಲಾ ಬೇಡದ ಎಲೆ ಎಸೆಯಿರಿ. ಎಕ್ಕ ಎಲ್ಲಕ್ಕಿಂತ ದೊಡ್ಡದು, ಆಮೇಲೆ ರಾಜ, ರಾಣಿ, ಗುಲಾಮ, ಹತ್ತು, ಹೀಗೆ ಕೆಳಕ್ಕೆ. ಗೆದ್ದವರು ನಾಲ್ಕೂ ಎಲೆ ಎತ್ತಿಕೊಂಡು ಮುಂದಿನದನ್ನು ಇಳಿಸುತ್ತಾರೆ. ಹೀಗೆ ಎತ್ತಿದ ನಾಲ್ಕು ಎಲೆ ಒಂದು ಕೈ, ಒಟ್ಟು 13 ಕೈ. ಮೊದಲ ಆರಕ್ಕೆ ಏನೂ ಇಲ್ಲ, ಏಳನೆಯದರಿಂದ ಒಂದೊಂದಕ್ಕೂ ಒಂದು ಅಂಕ. ನಿಮ್ಮ ಜೋಡಿ 8 ಕೈ ಎತ್ತಿದರೆ 2 ಅಂಕ. 5 ಅಂಕಕ್ಕೆ ಆಟ. ಜಾತಿ ಇದ್ದೂ ಹಾಕದೆ ಸಿಕ್ಕಿಬಿದ್ದರೆ ಹಳೇ ಕಾನೂನಿನಲ್ಲಿ ಮೂರು ಕೈ ಕಳೆದುಕೊಳ್ಳಬೇಕಿತ್ತು. ಅದನ್ನು ಹಾಗೇ ಉಳಿಸಿಕೊಳ್ಳಿ, ಇಲ್ಲದಿದ್ದರೆ ‘ಅಯ್ಯೋ ನೋಡಲಿಲ್ಲ’ ಅನ್ನುವವರು ಜಾಸ್ತಿ ಆಗುತ್ತಾರೆ.

ನಿಯಮ ಇಷ್ಟೇ. ಕಷ್ಟ ಇರುವುದು ಸುಮ್ಮನಿರುವುದರಲ್ಲಿ. ಎಕ್ಕ ಬಂದರೆ ಕಿವಿ ಕೆರೆಯುವುದು, ತುರುಫು ಜಾಸ್ತಿ ಇದ್ದರೆ ಸಣ್ಣಗೆ ಸಿಳ್ಳೆ ಹಾಕುವುದು, ಇವೆಲ್ಲ ನಮ್ಮ ಕಟ್ಟೆಯ ಹಳೇ ಆಟ, ವಿಸ್ಟ್‌ನಲ್ಲಿ ನಡೆಯುವುದಿಲ್ಲ. ಜೊತೆಗಾರನಿಗೆ ಹೇಳಬೇಕಾದ್ದನ್ನೆಲ್ಲ ಎಲೆಯಲ್ಲೇ ಹೇಳಬೇಕು. ಅದಕ್ಕೊಂದು ಹಳೇ ಕಟ್ಟುಪಾಡು ಇದೆ: ಯಾವ ಜಾತಿ ನಿಮ್ಮಲ್ಲಿ ಜಾಸ್ತಿ ಇದೆಯೋ ಅದರಲ್ಲಿ ಮೇಲಿನಿಂದ ನಾಲ್ಕನೆಯ ಎಲೆ ಇಳಿಸಿ. ಆಗ ಎದುರು ಕೂತ ಜೊತೆಗಾರ 11ರಿಂದ ಆ ಎಲೆಯನ್ನು ಕಳೆಯುತ್ತಾನೆ. ನೀವು ಆಟಿನ್ ಏಳು ಇಳಿಸಿದಿರಿ ಅಂದುಕೊಳ್ಳಿ. ಉಳಿದದ್ದು ನಾಲ್ಕು, ಅಂದರೆ ಏಳಕ್ಕಿಂತ ದೊಡ್ಡ ಆಟಿನ್ ಉಳಿದ ಮೂವರ ಹತ್ತಿರ ಸೇರಿ ನಾಲ್ಕೇ ಇವೆ. ನಿಮ್ಮ ಜೊತೆಗಾರನ ಕೈಯಲ್ಲಿ ಎರಡಿದ್ದರೆ, ಎದುರಾಳಿಗಳಿಬ್ಬರ ಹತ್ತಿರ ಇನ್ನೆರಡು. ಬಾಯಿ ಬಿಡದೆ ಇಷ್ಟು ಸುದ್ದಿ ದಾಟಿತು! ನನಗಂತೂ ಇಡೀ ಆಟದಲ್ಲಿ ಇದೇ ಇಷ್ಟ. ಎದುರಾಳಿಗಳಿಗೂ ಈ ಲೆಕ್ಕ ಬರುತ್ತದೆ ಅನ್ನುವುದು ಬೇರೆ ಮಾತು.

ಇನ್ನೊಂದು, ಎರಡನೆಯವರಾಗಿ ಆಡುವಾಗ ಸಾಮಾನ್ಯವಾಗಿ ಸಣ್ಣದು ಹಾಕಿ, ಮೂರನೆಯವರಾದರೆ ದೊಡ್ಡದು. ಬಿದ್ದ ತುರುಫು ಎಣಿಸುತ್ತಾ ಇರಿ, ಅಷ್ಟಾದರೂ ಎಣಿಸಿ.

ಒಂಬತ್ತಕ್ಕಿಂತ ದೊಡ್ಡ ಎಲೆ ಒಂದೂ ಬರದಿದ್ದರೆ ಮುಖ ಕಿವುಚಬೇಡಿ, ಅದೂ ಒಂದು ಸುಳಿವೇ. ಇಂಗ್ಲೆಂಡಿನಲ್ಲಿ ಯಾರ್ಬರೊ ಎಂಬ ಸಾಹುಕಾರ, ಅಂಥ 13 ಎಲೆ ಬಂದವರಿಗೆ ಒಂದಕ್ಕೆ ಸಾವಿರ ಕೊಡುತ್ತೇನೆ ಅಂತ ಬಾಜಿ ಕಟ್ಟುತ್ತಿದ್ದನಂತೆ. ಲೆಕ್ಕ ಹಾಕಿದರೆ ಅದು ಬರುವುದು 1828 ಸಲ ಹಂಚಿದರೆ ಒಂದು ಸಲ. ಲಾಭ ಯಾರಿಗೆ ಅಂತ ಬಿಡಿಸಿ ಹೇಳಬೇಕಿಲ್ಲ.

ನೀವು ದುಡ್ಡಿಡಬೇಡಿ. ಬೀದಿಯಲ್ಲಿ ಕೂತು ದುಡ್ಡಿಗೆ ಆಡಿದರೆ 1963ರ ಕರ್ನಾಟಕ ಪೊಲೀಸ್ ಕಾಯ್ದೆಯ 87ನೇ ಕಲಂ ಇದೆ. ಮನೆಯಲ್ಲೇ ಕೂತು ಆಡಿ, ಮಿರ್ಚಿ, ಮಂಡಕ್ಕಿ ಒಗ್ಗರಣೆ ಎಲ್ಲರೂ ಸೇರಿ ತರಿಸಿ. ಎಣ್ಣೆ ಕೈ ಒರೆಸಿಕೊಂಡು ಎಲೆ ಮುಟ್ಟಿ, ಕಲೆ ಬಿದ್ದ ಎಕ್ಕವನ್ನು ಹಿಂದಿನಿಂದಲೇ ಗುರುತು ಹಿಡಿಯುತ್ತಾರೆ.

ನಾಲ್ಕನೆಯವರು ಸಿಗದಿದ್ದರೂ ನಡೆಯುತ್ತದೆ. ನಾಲ್ಕನೆಯ ಪಾಲನ್ನು ಮೇಜಿನ ಮೇಲೆ ಬಿಚ್ಚಿಟ್ಟು, ಅದರ ಎದುರು ಕೂತವರು ಎರಡೂ ಪಾಲು ಆಡಲಿ. ಪ್ರತಿ ಆಟಕ್ಕೂ ಆ ಜಾಗ ಬದಲಾಯಿಸಿ.