ಮಂಗಟ್ಟೆಯ ರೆಕ್ಕೆ ಸದ್ದಿಗೆ ಹುಡುಕಿದ ಮೈಕ್

ನಾನು ಅಧ್ಯಯನಕ್ಕೆಂದು ಮೊದಲು ಧ್ವನಿಮುದ್ರಿಸಿದ್ದು ಸಿಳ್ಳಾರ ಹಕ್ಕಿಯ ಹಾಡನ್ನು, ಶಿರಸಿಯಿಂದ ಕುಮಟಾಕ್ಕೆ ಇಳಿಯುವ ದೇವಿಮನೆ ಘಟ್ಟದ ಹಳ್ಳವೊಂದರ ದಡದಲ್ಲಿ. ಬೆಳಕು ಹರಿಯುವ ಮೊದಲೇ ಅದು ಬಂಡೆಯ ಮೇಲೆ ಕುಳಿತು, ದಾರಿ ನಡೆಯುವ ಹುಡುಗ ತನ್ನ ಪಾಡಿಗೆ ಶಿಳ್ಳೆ ಹಾಕಿದ ಹಾಗೆ ಹಾಡುತ್ತಿತ್ತು. ಮನೆಗೆ ಬಂದು ಹೆಡ್‌ಫೋನ್ ಹಾಕಿಕೊಂಡರೆ ಹಾಡಿನ ಮೇಲೆಲ್ಲ ‘ಸ್ಸ್’ ಎಂಬ ಸದ್ದು. ಹಳ್ಳದ ನೀರಿರಬೇಕು ಎಂದುಕೊಂಡೆ. ಆದರೂ ಮನಸ್ಸು ಒಪ್ಪದೆ, ರಾತ್ರಿ ಎಲ್ಲರೂ ಮಲಗಿದ ಮೇಲೆ ಮೈಕನ್ನು ಎರಡು ಕಂಬಳಿಯಲ್ಲಿ ಸುತ್ತಿಟ್ಟು ರೆಕಾರ್ಡ್ ಮಾಡಿದೆ. ಅಲ್ಲೂ ಅದೇ ‘ಸ್ಸ್’. ಅದು ಉಪಕರಣದ್ದೇ ಸದ್ದು.

ಅಂದಿನಿಂದ ಡಬ್ಬದ ಮೇಲಿನ ‘20 ಹರ್ಟ್ಸ್‌ನಿಂದ 20 ಕಿಲೋಹರ್ಟ್ಸ್’ ಎಂಬ, ಮೈಕ್ ಹಿಡಿಯುವ ದನಿಗಳ ವ್ಯಾಪ್ತಿ ಹೇಳುವ ಸಾಲಿಗೆ ನಾನು ಮರುಳಾಗುವುದಿಲ್ಲ. ಮೊದಲು ನೋಡುವುದು ಮೈಕಿನ ಸ್ವಂತ ಸದ್ದು ಎಷ್ಟು ಡೆಸಿಬೆಲ್ ಎಂಬುದನ್ನು. ದೂರದ ಹಕ್ಕಿಗೆ 15ಕ್ಕಿಂತ ಕಡಿಮೆ ಇದ್ದರೆ ಒಳ್ಳೆಯದು. ಸೂಕ್ಷ್ಮತೆಯೂ ಹೆಚ್ಚಿರಬೇಕು, ಇಲ್ಲವಾದರೆ ರೆಕಾರ್ಡರಿನ ಗೇನ್, ಅಂದರೆ ದನಿ ಹಿಗ್ಗಿಸುವ ಮಟ್ಟ, ಏರಿಸಬೇಕಾಗುತ್ತದೆ, ಅದರ ಗದ್ದಲವೂ ಜೊತೆಗೆ ಏರುತ್ತದೆ. ಈ ಎರಡೂ ಲೆಕ್ಕ ನೋಡಿಯೇ ಸೆನ್‌ಹೈಸರ್ ಎಂಇ 66 ಎಂಬ, ಎದುರಿನ ದನಿಯನ್ನೇ ಹೆಚ್ಚಾಗಿ ಹಿಡಿಯುವ ಶಾಟ್‌ಗನ್ ಮೈಕನ್ನು ಸೆಕೆಂಡ್‌ಹ್ಯಾಂಡ್ ಕೊಂಡೆ.

ದನಿಯನ್ನು ಒಂದೆಡೆ ಕೂಡಿಸಿ ಮೈಕಿಗೆ ಕೊಡುವ ಬೋಗುಣಿಯಾಕಾರದ ಪ್ಯಾರಾಬೋಲಿಕ್ ತಟ್ಟೆಯನ್ನೇಕೆ ಕೊಳ್ಳಲಿಲ್ಲ ಎಂದು ಗೆಳೆಯರು ಕೇಳುತ್ತಾರೆ. ದೂರದ ತೆಳು ದನಿಗೆ ತಟ್ಟೆಯನ್ನು ಮೀರಿಸುವುದು ಇಲ್ಲ, ನಿಜ. ಆದರೆ ತಟ್ಟೆಯ ಅಗಲಕ್ಕಿಂತ ಉದ್ದವಾದ ಅಲೆಗಳನ್ನು ಅದು ಸರಿಯಾಗಿ ಕೂಡಿಸಿಕೊಡಲಾರದು. ಅರ್ಧ ಮೀಟರ್ ತಟ್ಟೆಯಾದರೆ ಸುಮಾರು 700 ಹರ್ಟ್ಸ್‌ಗಿಂತ ಕೆಳಗಿನ ದನಿಗಳು ಸೊರಗುತ್ತವೆ. ನನಗೆ ಬೇಕಾಗಿದ್ದು ಕೆಂಬೂತದ ‘ಕೂಪ್ ಕೂಪ್’, ದೊಡ್ಡ ಮಂಗಟ್ಟೆ (ಹಾರ್ನ್‌ಬಿಲ್) ಹಾರುವಾಗಿನ ರೆಕ್ಕೆಯ ಬೀಸು. ಎರಡೂ ತಗ್ಗು ದನಿಗಳೇ. ಸಿಳ್ಳಾರ ಒಂದನ್ನೇ ಅಭ್ಯಾಸ ಮಾಡುವವರು ತಟ್ಟೆಯನ್ನೇ ಕೊಳ್ಳಲಿ.

ರೆಕಾರ್ಡರಿನಲ್ಲಿ ಮಾತ್ರ ಹಟ ಹಿಡಿಯುತ್ತೇನೆ: ಏನನ್ನೂ ಕತ್ತರಿಸದ ವೇವ್ ಕಡತ, 48 ಕಿಲೋಹರ್ಟ್ಸ್ ಮಾದರಿ ದರ, 24 ಬಿಟ್. ಎಂಪಿ3 ಮನುಷ್ಯನ ಕಿವಿಗೆ ಬೇಡವೆನಿಸುವುದನ್ನು ಕತ್ತರಿಸುತ್ತದೆ. ಹಕ್ಕಿಯ ದನಿಯನ್ನು ಅಳೆಯಲು ಹೊರಟವರಿಗೆ ಆ ಕತ್ತರಿ ಬೇಡ. ತಾನಾಗಿ ಗೇನ್ ಏರಿಸಿ ಇಳಿಸುವ ಸೌಲಭ್ಯವನ್ನು ಮೊದಲೇ ಆಫ್ ಮಾಡಿಡಬೇಕು, ಇಲ್ಲದಿದ್ದರೆ ಯಾವ ಕೂಗು ಜೋರು, ಯಾವುದು ಮೆಲ್ಲಗೆ ಎಂಬುದೇ ಸುಳ್ಳಾಗುತ್ತದೆ. ಬರಿಗೈಯಲ್ಲಿ ಮೈಕ್ ಹಿಡಿದರೆ ಬೆರಳು ಸರಿದ ಸದ್ದೂ ದಾಖಲಾಗುವುದರಿಂದ ರಬ್ಬರ್ ತೂಗು ಹಿಡಿ ಬೇಕು. ಗಾಳಿಗೆ ರೋಮದ ಹೊದಿಕೆ ಬೇಕೇ ಬೇಕು.

ಇನ್ನು ನಮ್ಮ ಮಳೆಗಾಲ. ತೇವ ಹಿಡಿದರೆ ನನ್ನದರಂಥ ಕಂಡೆನ್ಸರ್ ಮೈಕ್ ಚಟಪಟ ಎನ್ನತೊಡಗುತ್ತದೆ. ಬೆಟ್ಟದಿಂದ ಬಂದ ಕೂಡಲೇ ಒರೆಸಿ, ಸಿಲಿಕಾ ಜೆಲ್ ಹಾಕಿದ ಸ್ಟೀಲ್ ಡಬ್ಬದಲ್ಲಿ ಮುಚ್ಚಿಡುತ್ತೇನೆ. ಹರಳಿನ ಬಣ್ಣ ತಿರುಗಿದರೆ ಅಡುಗೆಗೆ ಬಳಸದ ಹಳೆಯ ಬಾಣಲೆಯಲ್ಲಿ ಬಿಸಿ ಮಾಡಿ ಮತ್ತೆ ತುಂಬುತ್ತೇನೆ.

ಆಮೇಲೊಂದು ಬೆಳಗ್ಗೆ, ಹಣ್ಣು ಬಿಟ್ಟ ಬಸರಿ ಮರದ ಕೆಳಗೆ ಕಾದು ಕುಳಿತಿದ್ದಾಗ ಮಂಗಟ್ಟೆ ತಲೆಯ ಮೇಲಿಂದ ಹಾದುಹೋಯಿತು. ಕಡತದಲ್ಲಿ ಪ್ರತಿ ಬೀಸೂ ಬಿಡಿಬಿಡಿಯಾಗಿದೆ, ಎಣಿಸಬಹುದು.