ಐಆರ್‌ಎ: ರಾಥ್ ಹಾಕಬೇಕಾ, ಟ್ರೆಡಿಷನಲ್ಲಾ?

ಅಮೆರಿಕದಲ್ಲಿ ಕೆಲಸಕ್ಕಿರುವ ನಮ್ಮ ಹುಡುಗರು ಮಾರ್ಚ್ ಬಂತೆಂದರೆ "ಅಕ್ಕಾ, ಯಾವ ಐಆರ್‌ಎ?" ಅಂತ ಫೋನ್ ಮಾಡುತ್ತಾರೆ. ಐಆರ್‌ಎ ಅಂದರೆ ನಿವೃತ್ತಿಗೆಂದು ನಾವೇ ತೆರೆಯುವ ಉಳಿತಾಯ ಖಾತೆ, ಟ್ರೆಡಿಷನಲ್ ಮತ್ತು ರಾಥ್ ಅದರ ಎರಡು ಬಗೆ. ನಾನು ಕೇಳುವುದು ಇಷ್ಟೇ: ತೆರಿಗೆ ದರ ಈಗ ಜಾಸ್ತಿಯೋ, ನಿವೃತ್ತಿಯಾದ ಮೇಲೋ?

ಟ್ರೆಡಿಷನಲ್‌ಗೆ ಹಾಕಿದ್ದನ್ನು ಈ ವರ್ಷದ ಆದಾಯದಿಂದ ಕಳೆಯಬಹುದು, ತೆಗೆಯುವಾಗ ತೆರಿಗೆ ಕಟ್ಟಬೇಕು. ಆದರೆ ಕಂಪನಿಯಲ್ಲಿ 401(ಕೆ) ಎಂಬ ನಿವೃತ್ತಿ ಯೋಜನೆ ಇದ್ದು ಸಂಬಳವೂ ದೊಡ್ಡದಾದರೆ ಈ ವಿನಾಯಿತಿ ಸಿಗದೇ ಹೋಗಬಹುದು. ರಾಥ್ ಇದಕ್ಕೆ ಉಲ್ಟಾ. ತೆರಿಗೆ ಕಟ್ಟಿದ ಹಣ ಹಾಕುತ್ತೀರಿ. ನಿಯಮದಂತೆ ತೆಗೆದರೆ ಬೆಳೆದ ಹಣಕ್ಕೂ ತೆರಿಗೆಯಿಲ್ಲ. ಸಂಬಳ ಇನ್ನೂ ಚಿಕ್ಕದಿರುವವರಿಗೆ ನನ್ನ ಓಟು ರಾಥ್‌ಗೇ. ಆದಾಯ ಮಿತಿ ದಾಟಿದವರು ಮಾತ್ರ ನೇರವಾಗಿ ಹಾಕುವಂತಿಲ್ಲ.

2025ಕ್ಕೆ ಎರಡೂ ಸೇರಿ ಮಿತಿ 7,000 ಡಾಲರ್, 50 ತುಂಬಿದವರಿಗೆ 8,000. ಗಡುವು 2026ರ ಏಪ್ರಿಲ್ 15. ಜನವರಿಯಿಂದ ಏಪ್ರಿಲ್‌ವರೆಗೆ ಹಣ ಹಾಕುವಾಗ "ಯಾವ ವರ್ಷಕ್ಕೆ?" ಎಂಬ ಆಯ್ಕೆ ಬರುತ್ತದೆ. ಅವಸರದಲ್ಲಿ ಒತ್ತಬೇಡಿ.

ಇನ್ನೊಂದು, ಇದನ್ನು ನಾನು ಎಲ್ಲರಿಗೂ ಎರಡೆರಡು ಸಲ ಹೇಳುತ್ತೇನೆ: ಐಆರ್‌ಎ ಬರೀ ಖಾತೆ. ಹಣ ಹಾಕಿದ ಮೇಲೆ ನೀವೇ ಒಂದು ಇಂಡೆಕ್ಸ್ ಫಂಡನ್ನೋ (ಷೇರು ಸೂಚ್ಯಂಕವನ್ನು ಹಿಂಬಾಲಿಸುವ ಫಂಡ್) ಬೇರೆ ಏನನ್ನೋ ಕೊಳ್ಳಬೇಕು. ಇಲ್ಲದಿದ್ದರೆ ಅದು ನಗದಾಗಿ ಸುಮ್ನೆ ಕೂತಿರುತ್ತದೆ. ಖಾತೆ ತೆರೆದು "ಹೋಲ್ಡಿಂಗ್ಸ್" ನೋಡಿ. ಪೂರ್ತಿ ಮೊತ್ತ "ಕ್ಯಾಶ್" ಎದುರಿಗಿದ್ದರೆ ಅರ್ಧ ಕೆಲಸ ಬಾಕಿ.

ಐವತ್ತೊಂಬತ್ತೂವರೆ ವಯಸ್ಸಿಗೆ ಮೊದಲೇ ತೆಗೆದರೆ ಸಾಮಾನ್ಯವಾಗಿ ತೆರಿಗೆಯ ಜೊತೆ 10% ದಂಡ. ರಾಥ್‌ಗೆ ನೀವು ಹಾಕಿದ ಅಸಲನ್ನು ಮಾತ್ರ ಯಾವಾಗ ಬೇಕಾದರೂ ತೆಗೆಯಬಹುದು.