ಬಳ್ಳಾರಿ ಜಾಲಿಯೊಳಗಿನ ‘ಚಕ್’: ವಲಸೆ ಉಲಿಯಕ್ಕಿಗಳನ್ನು ಕಿವಿಯಿಂದ ಗುರುತಿಸುವುದು

ಸೆಪ್ಟೆಂಬರ್ ಮುಗಿಯುವ ಹೊತ್ತಿಗೆ ನಮ್ಮ ಗಂಗಾವತಿ ಕಡೆ ಕಾಲುವೆ ದಂಡೆಯ ಬಳ್ಳಾರಿ ಜಾಲಿ ಪೊದೆಗಳಿಂದ ‘ಚಕ್... ಚಕ್’ ಅಂತ ಸದ್ದು ಶುರುವಾಗುತ್ತದೆ. ಎರಡು ಮಾರು ದೂರದಲ್ಲೇ ಇದ್ದರೂ ಹಕ್ಕಿ ಕಾಣುವುದಿಲ್ಲ. ಅದು ಬ್ಲೈತ್ಸ್ ರೀಡ್ ವಾರ್ಬ್ಲರ್ (ವಾರ್ಬ್ಲರ್ ಅಂದರೆ ಉಲಿಯಕ್ಕಿ). ಹತ್ತು ಹನ್ನೆರಡು ಗ್ರಾಂ ತೂಗುವ ಕಂದು ಹಕ್ಕಿ, ಪೂರ್ವ ಯುರೋಪ್, ಸೈಬೀರಿಯಾ ಕಡೆ ಮರಿ ಮಾಡಿ ಚಳಿಗಾಲ ಕಳೆಯಲು ಇಲ್ಲಿಗೆ ಬರುತ್ತದೆ.

ಮೊದಲು ಇದೊಂದನ್ನೇ ಕಲಿಯಿರಿ. ಅಡಕತ್ತರಿಯಲ್ಲಿ ಒಣ ಅಡಿಕೆ ಕತ್ತರಿಸಿದಂತೆ ಒಂದೊಂದೇ ಏಟು, ನಡುವೆ ಬಿಡುವು, ಸಿಟ್ಟು ಬಂದರೆ ‘ಟ್ರ್‌ರ್’ ಅಂತ ಗೊರಗೊರ. ಎರಡನೆಯದು ಗ್ರೀನಿಶ್ ವಾರ್ಬ್ಲರ್. ಅದು ಬೇವು, ಹುಣಸೆ ಮರಗಳ ಮೇಲೆ ಇರುತ್ತದೆ. ಅದರದು ‘ಚಿಸ್‌ವೀ’ ಅಂತ ಎರಡು ತುಂಡಿನ ಕೂಗು. ಈ ಎರಡು ಕಿವಿಗೆ ಕೂತರೆ ಊರಿನ ಸುತ್ತ ಚಳಿಗಾಲದ ಅರ್ಧ ಕೆಲಸ ಮುಗಿದಂತೆ.

ಎಡವುವುದು ‘ಚಕ್’ ವಿಷಯದಲ್ಲೇ. ಲೆಸ್ಸರ್ ವೈಟ್‌ಥ್ರೋಟ್ ಕೂಡ ಅದೇ ಜಾಲಿಯಲ್ಲಿ ಕೂತು ‘ಟೆಕ್’ ಅನ್ನುತ್ತದೆ, ಆದರೆ ಅದು ಇನ್ನೂ ಒಣ, ಇನ್ನೂ ತೆಳು. ವಲಸೆ ಹೋಗದೆ ಇಲ್ಲೇ ಇರುವ ಬೂದು ಪ್ರಿನಿಯಾ ಎಂಬ ಪುಟ್ಟ ಹಕ್ಕಿ ಹಾರುವಾಗ ವೈರ್‌ನಲ್ಲಿ ಕಿಡಿ ಹಾರಿದ ಹಾಗೆ ‘ಕಿಟ್ ಕಿಟ್’ ಎಂದು ಸದ್ದು ಮಾಡುತ್ತದೆ. ಸೈಕ್ಸ್ ವಾರ್ಬ್ಲರ್, ಬೂಟೆಡ್ ವಾರ್ಬ್ಲರ್ ಕೂಗಂತೂ ಒಂದಕ್ಕೊಂದು ತುಂಬಾ ಹತ್ತಿರ. ನನಗೆ ಅನುಮಾನ ಬಂದರೆ ‘ಗೊತ್ತಾಗದ ವಾರ್ಬ್ಲರ್’ ಅಂತಲೇ ಬರೆಯುತ್ತೇನೆ. ತಪ್ಪು ಹೆಸರಿಗಿಂತ ಅದೇ ಮೇಲು, ಅಲ್ವಾ?

ರೆಕಾರ್ಡ್ ಮಾಡಲು ಫೋನ್ ಸಾಕು. ಬೆಳಗ್ಗೆ ಗಾಳಿ ಏಳುವ ಮೊದಲೇ ಹೋಗಿ, ಪಂಪ್‌ಸೆಟ್, ರಸ್ತೆ, ರೈಸ್ ಮಿಲ್‌ಗಳಿಂದ ದೂರ ನಿಲ್ಲಿ. ರೆಕಾರ್ಡಿಂಗ್ ಆ್ಯಪ್‌ನಲ್ಲಿ ಸದ್ದು ಕುಗ್ಗಿಸದ ವೇವ್ (WAV) ಫಾರ್ಮ್ಯಾಟ್ ಆರಿಸಿ, ಫೋನ್ ಏರ್‌ಪ್ಲೇನ್ ಮೋಡ್‌ಗೆ ಹಾಕಿ, ಮೈಕ್ ಪೊದೆಯ ಕಡೆ ತಿರುಗಿಸಿ ಮೂರು ನಿಮಿಷ ಅಲುಗಾಡದೆ ನಿಂತುಬಿಡಿ. ಒಮ್ಮೆ ಸಾಣಾಪುರ ಕೆರೆ ಹತ್ತಿರ ನನಗೆ ಒಳ್ಳೆಯ ‘ಟ್ರ್‌ರ್’ ಸಿಕ್ಕಿತ್ತು, ಮನೆಗೆ ಬಂದು ಕೇಳಿದರೆ ಪೂರ್ತಿ ನನ್ನ ಜಾಕೆಟ್‌ನ ಸರಸರ. ಅಂದಿನಿಂದ ಹತ್ತಿ ಅಂಗಿಯನ್ನೇ ಹಾಕುತ್ತೇನೆ. ಕೊನೆಯಲ್ಲಿ ನಿಮ್ಮ ದನಿಯಲ್ಲೇ ದಿನಾಂಕ, ಸಮಯ, ಜಾಗ, ಹಕ್ಕಿ ಕಂಡಿತೋ ಇಲ್ಲವೋ, ಎಷ್ಟು ಎತ್ತರದಲ್ಲಿತ್ತು ಅಂತ ಹೇಳಿ ನಿಲ್ಲಿಸಿ. ಮನೆಗೆ ಬರುವಷ್ಟರಲ್ಲಿ ಇವೆಲ್ಲ ಮರೆತುಹೋಗುತ್ತವೆ.

ಸದ್ದು ಕೇಳಿ ಹಕ್ಕಿ ಗುರುತಿಸುವ ಮರ್ಲಿನ್ ಆ್ಯಪ್ ಒಂದು ಹೆಸರು ಸೂಚಿಸುತ್ತದೆ, ಅದನ್ನೇ ತೀರ್ಪು ಅಂದುಕೊಳ್ಳಬೇಡಿ. ಅದರಲ್ಲಿ ಓಡುವ ಸದ್ದಿನ ಚಿತ್ರ ನೋಡಿ: ‘ಚಕ್’ ನೆಟ್ಟಗೆ ನಿಂತ ಗೀರಿನ ಹಾಗೆ ಕಾಣುತ್ತದೆ, ‘ಚಿಸ್‌ವೀ’ ಬಾಗಿದ ಗೆರೆ. ಆಮೇಲೆ ಹಕ್ಕಿ ದನಿಗಳನ್ನು ಕೂಡಿಟ್ಟಿರುವ ಝೆನೋ-ಕ್ಯಾಂಟೋ ಜಾಲತಾಣದಲ್ಲಿ ಅದೇ ಹಕ್ಕಿಯ ನಾಲ್ಕೈದು ರೆಕಾರ್ಡಿಂಗ್ ಕೇಳಿ ಹೋಲಿಸಿ. ಯಾರಿಗಾದರೂ ಕೇಳಿಸಬೇಕಿದ್ದರೆ ಮೂಲ ಫೈಲ್ ಅನ್ನೇ ಕಳಿಸಿ, ವಾಟ್ಸಾಪ್ ವಾಯ್ಸ್ ನೋಟ್ ಬೇಡ, ಅದು ಸದ್ದನ್ನು ಕುಗ್ಗಿಸಿ ಕೆಡಿಸುತ್ತದೆ.

ಹಕ್ಕಿ ಹೊರಬರಲಿ ಅಂತ ಅದರದೇ ಕೂಗು ಹಾಕಿ ಕರೆಯಬೇಡಿ. ಸಾವಿರಾರು ಕಿಲೋಮೀಟರ್ ಹಾರಿ ಬಂದ ಜೀವ, ಅದರ ಪಾಡಿಗೆ ಅದು ತಿಂದುಕೊಂಡಿರಲಿ ಬಿಡಿ.

ಏಪ್ರಿಲ್ ಹತ್ತಿರ ಬಂದಾಗ, ವಾಪಸ್ ಹೊರಡುವ ಮೊದಲು ಈ ರೀಡ್ ವಾರ್ಬ್ಲರ್ ಕೆಲವೊಮ್ಮೆ ಬೇರೆ ಹಕ್ಕಿಗಳ ದನಿ ಬೆರೆಸಿ ಹಾಡುತ್ತದೆ. ಆ ದಿನಗಳಲ್ಲಿ ಮೂರು ನಿಮಿಷಕ್ಕೆ ನಿಲ್ಲಿಸಬೇಡಿ.